ಮೊಮ್ಮಗನ ಮುನ್ನುಡಿ: ಬೈಬಲ್ಲಿನ ಮೂಲಭಾಷೆ ಮತ್ತು ಕರ್ತೃತ್ವದ ಕುರಿತು

ಕಳೆದ ತಿಂಗಳ ನಮ್ಮ ಬಳಗದ ಓದುಕೂಟದಲ್ಲಿ ಒಂದು ಸಣ್ಣ ಜಟಾಪಟಿ ನಡೆಯಿತು. ಲೋಕದ ಧರ್ಮಗ್ರಂಥಗಳನ್ನು ಸಾಹಿತ್ಯದ ದೃಷ್ಟಿಯಿಂದ ಓದುವ ಮಾಲಿಕೆಯೊಂದನ್ನು ಆರಂಭಿಸಬೇಕೆಂಬ ಸೂಚನೆ ಬಂದಾಗ ಬೈಬಲ್ಲಿನ ಹೆಸರು ಮೊದಲು ಕೇಳಿಬಂತು. ಹಿರಿಯರೊಬ್ಬರು, "ಅದು ಇಂಗ್ಲಿಷ್ ಪುಸ್ತಕ, ಇಂಗ್ಲಿಷಿನಲ್ಲೇ ಓದಿದರಾಯಿತು, ಕನ್ನಡ ಅನುವಾದದ ಗೊಡವೆ ಯಾಕೆ?" ಎಂದರು. ಅದು ಇಂಗ್ಲಿಷಿನ ಪುಸ್ತಕವಲ್ಲವೆಂದು ನಾನು ಹೇಳಿದ್ದೇ ತಡ, ಹಾಗಾದರೆ ಯಾವ ಭಾಷೆಯದು, ಬರೆದವರು ಯಾರು ಎಂಬ ಪ್ರಶ್ನೆಗಳು ಎದ್ದವು. ತಿಳಿದಷ್ಟು ಹೇಳತೊಡಗಿದೆ. ಅರ್ಧದಲ್ಲೇ ಒಬ್ಬರು, "ಬೇರೆಯವರ ಪವಿತ್ರಗ್ರಂಥದ ಕರ್ತೃತ್ವ ಕೆದಕುವುದು ಸಭ್ಯತೆಯಲ್ಲ" ಎಂದು ತಡೆದರು. ಇನ್ನೊಬ್ಬರು, "ಅಂದರೆ ಯಾರ ಹೆಸರಿದೆಯೋ ಅವರು ಬರೆದದ್ದಲ್ಲ ಅಂತಾಯಿತಲ್ಲ!" ಎಂದು ಹಿಗ್ಗಿದರು. ಈ ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಅಂದು ಗದ್ದಲದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತ ಹೋದಂತೆ ಅದು ನನ್ನ ಮನೆಯ ಮಾತೂ ಆಯಿತು. ಅದಕ್ಕೆ ಓದುಗರ ಕ್ಷಮೆಯಿರಲಿ.

ಭಾಷೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಬೈಬಲ್ ಎಂಬ ಹೆಸರೇ 'ಪುಸ್ತಕಗಳು' ಎಂಬ ಅರ್ಥದ ಗ್ರೀಕ್ ಬಹುವಚನದಿಂದ ಬಂದದ್ದು. ಅದೊಂದು ಕಪಾಟು. ಯೆಹೂದ್ಯರ ಧರ್ಮಗ್ರಂಥವಾದ, ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಭಾಗ ಬಹುಮಟ್ಟಿಗೆ ಹೀಬ್ರೂ ಭಾಷೆಯಲ್ಲಿದೆ. ಕೆಲವು ಅಧ್ಯಾಯಗಳು ಮಾತ್ರ ಅರಮಾಯಿಕ್ ಭಾಷೆಯವು. ಹೊಸ ಒಡಂಬಡಿಕೆಯ 27 ಪುಸ್ತಕಗಳು ಗ್ರೀಕಿನಲ್ಲಿವೆ. ಹೋಮರನ ಕಾವ್ಯದ ಗ್ರೀಕಿಗೂ ಇದಕ್ಕೂ ಬಹಳ ದೂರ. ಪೇಟೆ, ಬಂದರು, ಕಚೇರಿಗಳಲ್ಲಿ ಓಡಾಡುತ್ತಿದ್ದ 'ಕೊಯ್ನೆ', ಎಂದರೆ ಬಳಕೆಯ ಗ್ರೀಕ್ ಇದು.

ಈ ಮೂರು ಭಾಷೆಗಳು ಒಂದರ ಪಕ್ಕ ಒಂದು ಹೇಗೆ ಬಂದು ಕುಳಿತವು ಎಂಬುದರಲ್ಲಿ ಒಂದು ಜನಾಂಗದ ಬದುಕೇ ಅಡಗಿದೆ. ಆದಿಕಾಂಡದ 31ನೆಯ ಅಧ್ಯಾಯದಲ್ಲಿ ಮಾವ ಲಾಬಾನನೂ ಅಳಿಯ ಯಾಕೋಬನೂ ಜಗಳವಾಡಿ, ಕೊನೆಗೆ ರಾಜಿಯಾಗಿ, ಗುರುತಿಗೆಂದು ಕಲ್ಲುಗಳ ರಾಶಿಯೊಂದನ್ನು ಮಾಡುತ್ತಾರೆ. ಮಾವ ಅದಕ್ಕೆ ತನ್ನ ಅರಮಾಯಿಕ್ ನುಡಿಯಲ್ಲಿ ಒಂದು ಹೆಸರಿಡುತ್ತಾನೆ, ಅಳಿಯ ಹೀಬ್ರೂವಿನಲ್ಲಿ ಇನ್ನೊಂದು. ಎರಡರ ಅರ್ಥವೂ 'ಸಾಕ್ಷಿಯ ರಾಶಿ' ಎಂದೇ. ಇಡೀ ಆದಿಕಾಂಡದಲ್ಲಿ ಅರಮಾಯಿಕ್ ಇರುವುದು ಆ ಎರಡು ಪದಗಳಲ್ಲಿ ಮಾತ್ರ. ನುಡಿ ಬೇರೆಯಾದ ಬೀಗತನ ಎಷ್ಟು ಹಳೆಯದು ಎಂದು ಅದನ್ನು ಓದಿದಾಗಲೆಲ್ಲ ನನಗೆ ಅನಿಸುತ್ತದೆ.

ದಾನಿಯೇಲನ ಗ್ರಂಥದಲ್ಲಿ ಇದಕ್ಕಿಂತ ವಿಚಿತ್ರವಾದ ಸಂಗತಿಯಿದೆ. ಹೀಬ್ರೂವಿನಲ್ಲಿ ಆರಂಭವಾದ ಕಥೆ, ಎರಡನೆಯ ಅಧ್ಯಾಯದ ನಾಲ್ಕನೆಯ ವಚನದ ನಡುವೆ, ಬಾಬಿಲೋನಿನ ಅರಸನ ಪಂಡಿತರು ಬಾಯಿ ತೆರೆದ ಗಳಿಗೆಯಲ್ಲಿ, ಅರಮಾಯಿಕ್‌ಗೆ ತಿರುಗುತ್ತದೆ. ಆ ಪಂಡಿತರ ಮಾತು ಮುಗಿದ ಮೇಲೂ ಹಿಂದಿರುಗುವುದಿಲ್ಲ. ಏಳನೆಯ ಅಧ್ಯಾಯದ ಕೊನೆಯವರೆಗೆ ಹಾಗೆಯೇ ಸಾಗಿ, ಎಂಟರಲ್ಲಿ ಮತ್ತೆ ಹೀಬ್ರೂ. ಎಜ್ರನ ಗ್ರಂಥದಲ್ಲಿ ಪರ್ಷಿಯದ ಆಡಳಿತದ ಪತ್ರಗಳು ಅರಮಾಯಿಕ್‌ನಲ್ಲೇ ಇವೆ. ನಾವು ಕನ್ನಡ ಬರಹದ ನಡುವೆ ಸರ್ಕಾರದ ಆದೇಶವನ್ನು ಇಂಗ್ಲಿಷಿನಲ್ಲಿ ಇದ್ದಂತೆಯೇ ಸೇರಿಸುವ ಹಾಗೆ. ಕ್ರಿ.ಪೂ. 586ರ ಸುಮಾರಿಗೆ ಜೆರೂಸಲೇಮ್ ಬಿದ್ದು ಜನ ಬಾಬಿಲೋನಿಗೆ ಸೆರೆಯಾಗಿ ಹೋದರು. ಅಲ್ಲಿಂದ ಮುಂದೆ ಪರ್ಷಿಯ ಸಾಮ್ರಾಜ್ಯದ ಉದ್ದಗಲಕ್ಕೂ ಅರಮಾಯಿಕ್ ಕಚೇರಿಯ ನುಡಿಯಾಯಿತು. ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಕಾವಲಿಗಿದ್ದ ಯೆಹೂದಿ ಸೈನಿಕರು ಕ್ರಿ.ಪೂ. 5ನೆಯ ಶತಮಾನದಲ್ಲಿ ಬರೆದ ಕಾಗದಪತ್ರಗಳು ಸಿಕ್ಕಿವೆ. ಅವೂ ಅರಮಾಯಿಕ್‌ನಲ್ಲಿಯೇ ಇವೆ. ದೇವರ ಹೆಸರು ಹಳೆಯದು, ನುಡಿ ಮಾತ್ರ ಹೊರನಾಡಿನದು.

ಇಂಥ ಕಾಲದ ಮನುಷ್ಯ ನೆಹೆಮೀಯ. ಅವನೂ ಹೊರನಾಡಿಗನೇ, ಪರ್ಷಿಯದ ಅರಸನಿಗೆ ಪಾನಪಾತ್ರೆ ಹಿಡಿಯುವ ಕೆಲಸದಲ್ಲಿದ್ದವನು. ಜೆರೂಸಲೇಮಿಗೆ ಬಂದು ಗೋಡೆ ಕಟ್ಟಿಸುತ್ತಾನೆ. ಅಷ್ಟರಲ್ಲಿ ಅವನ ಕಣ್ಣಿಗೆ ಒಂದು ಸಂಗತಿ ಬೀಳುತ್ತದೆ. ಅಷ್ಡೋದ್, ಅಮ್ಮೋನ್, ಮೋವಾಬ್ ನಾಡುಗಳ ಹೆಂಗಸರನ್ನು ಮದುವೆಯಾದವರ ಮಕ್ಕಳಲ್ಲಿ ಅರ್ಧದಷ್ಟು ಜನ ಅಷ್ಡೋದಿನ ನುಡಿಯಾಡುತ್ತಿದ್ದಾರೆ. ಯೆಹೂದದ ನುಡಿ ಅವರಿಗೆ ಬಾರದು. ಆಗ ತಾನು ಏನು ಮಾಡಿದೆನೆಂಬುದನ್ನು ನೆಹೆಮೀಯ ಮುಚ್ಚುಮರೆಯಿಲ್ಲದೆ ಉತ್ತಮಪುರುಷದಲ್ಲಿ ಹೇಳಿಕೊಂಡಿದ್ದಾನೆ. ಆ ಅಪ್ಪಂದಿರನ್ನು ಶಪಿಸಿದ, ಕೆಲವರನ್ನು ಹೊಡೆದ, ಕೂದಲು ಹಿಡಿದು ಕಿತ್ತ.

ಈ ಭಾಗವನ್ನು ಓದಿ ನಾನು ನಗಲಾರೆ. ನನ್ನ ಸೊಸೆ ಮರಾಠಿಯವಳು. ಮೊಮ್ಮಗಳಿಗೆ ಈಗ ಆರು ವರ್ಷ. ಅವಳಿಗೆ ಬರುವ ಕನ್ನಡವೆಂದರೆ 'ಅಜ್ಜಾ', 'ಬಾ', 'ಬೇಡ', ಇನ್ನೊಂದು ಹತ್ತು ಮಾತು. ಎರಡು ವರ್ಷಗಳ ಹಿಂದೆ ಊಟಕ್ಕೆ ಕುಳಿತಾಗ, ಮಗು ನನಗೆ ಮರಾಠಿಯಲ್ಲಿ ಏನನ್ನೋ ಹೇಳಿತು. ನಾನು ಮಗನ ಮೇಲೆ ರೇಗಿದೆ: "ಮನೆಯಲ್ಲಿ ಒಂದು ಭಾಷೆ ಉಳಿಸಿಕೊಳ್ಳಲಾಗಲಿಲ್ಲ ನಿನಗೆ." ಸೊಸೆ ಏನೂ ಹೇಳದೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಯಾರ ಕೂದಲನ್ನೂ ನಾನು ಕೀಳಲಿಲ್ಲ, ನಿಜ. ಆದರೆ ನೆಹೆಮೀಯನಿಗೂ ನನಗೂ ಅಂದು ಬಹಳ ಅಂತರವೇನೂ ಇರಲಿಲ್ಲ.

ಇದೇ ಬೈಬಲ್ ಲೋಕದಲ್ಲಿ ನೆಹೆಮೀಯನಿಗೆ ಎದುರಾಗಿ ನಿಲ್ಲಿಸಬಹುದಾದ ಇನ್ನೊಬ್ಬನಿದ್ದಾನೆ. ಕ್ರಿ.ಪೂ. 3ನೆಯ ಶತಮಾನದ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ನೆಲೆಸಿದ ಯೆಹೂದ್ಯರಿಗೆ ಗ್ರೀಕೇ ಮನೆಮಾತಾಗಿತ್ತು. ಅವರಿಗಾಗಿ ಮೋಶೆಯ ಧರ್ಮಶಾಸ್ತ್ರ ಗ್ರೀಕಿಗೆ ಬಂತು. 72 ಮಂದಿ ಹಿರಿಯರು ಬಂದು ಅನುವಾದಿಸಿದರೆಂಬ ಕಥೆ ಹುಟ್ಟಿಕೊಂಡದ್ದರಿಂದ ಅದಕ್ಕೆ 'ಎಪ್ಪತ್ತರ ಅನುವಾದ' ಎಂಬರ್ಥದ ಸೆಪ್ಟುವಜಿಂಟ್ ಎಂಬ ಹೆಸರಾಯಿತು. ಆಮೇಲೆ, ಕ್ರಿ.ಪೂ. 132ರಲ್ಲಿ, ಒಬ್ಬ ಯುವಕ ಈಜಿಪ್ಟಿಗೆ ಬಂದ. ಅವನ ತಾತ ಬೆನ್ ಸಿರಾ ಜೆರೂಸಲೇಮಿನಲ್ಲಿ ಹೀಬ್ರೂವಿನಲ್ಲಿ ಒಂದು ನೀತಿಗ್ರಂಥ ಬರೆದಿದ್ದ. ಮೊಮ್ಮಗ ನಿದ್ದೆಗೆಟ್ಟು ಅದನ್ನು ಗ್ರೀಕಿಗೆ ತಂದು, ಮುಂದೆ ಒಂದು ಚಿಕ್ಕ ಮುನ್ನುಡಿಯನ್ನು ಸೇರಿಸಿದ. ಹೊರನಾಡಿನಲ್ಲಿದ್ದು ಕಲಿಯಬಯಸುವವರಿಗಾಗಿ ಈ ಕೆಲಸ ಮಾಡಿದ್ದೇನೆ. ಎಲ್ಲಾದರೂ ಮಾತು ಸಪ್ಪೆಯೆನಿಸಿದರೆ ಕ್ಷಮಿಸಿ. ಹೀಬ್ರೂವಿನಲ್ಲಿ ಹೇಳಿದ್ದಕ್ಕೆ ಇನ್ನೊಂದು ನುಡಿಯಲ್ಲಿ ಅದೇ ಬಲವಿರುವುದಿಲ್ಲ. ಧರ್ಮಶಾಸ್ತ್ರ, ಪ್ರವಾದಿಗಳ ಗ್ರಂಥಗಳೂ ಮೂಲದಲ್ಲಿ ಓದಿದಾಗ ಬೇರೆಯಾಗಿಯೇ ಇರುತ್ತವೆ. ಇದು ಅದರ ಸಾರಾಂಶ.

ಅನುವಾದದ ಕುರಿತು ಇಷ್ಟು ಹಳೆಯ, ಇಷ್ಟು ಪ್ರಾಮಾಣಿಕವಾದ ಮಾತು ಅಪರೂಪ. ತಾತನ ಹೆಸರು ಗ್ರಂಥದೊಳಗೇ ಇದೆ; ಮೊಮ್ಮಗ ತನ್ನ ಹೆಸರನ್ನು ಬರೆದುಕೊಂಡಿಲ್ಲ. ಯೆಹೂದ್ಯರೂ ಪ್ರಾಟೆಸ್ಟೆಂಟರೂ ಈ ಗ್ರಂಥವನ್ನು ತಮ್ಮ ಪಟ್ಟಿಗೆ ಸೇರಿಸಲಿಲ್ಲ. ಕಥೋಲಿಕರೂ ಆರ್ಥೊಡಾಕ್ಸ್ ಕ್ರೈಸ್ತರೂ ಉಳಿಸಿಕೊಂಡರು. ಶತಮಾನಗಳು ಕಳೆದಂತೆ ತಾತನ ಹೀಬ್ರೂ ಮರೆಯಾಯಿತು. ಕೃತಿ ಬದುಕಿದ್ದು ಅನುವಾದಗಳಲ್ಲಿ. 1896ರಲ್ಲಿ ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್, ಸೋದರಿಯರಿಬ್ಬರು ಪೂರ್ವದೇಶದಿಂದ ತಂದಿದ್ದ ಒಂದು ಹರಿದ ಹಾಳೆಯಲ್ಲಿ ಆ ಹೀಬ್ರೂವನ್ನು ಗುರುತಿಸಿದರು. ಆಮೇಲೆ ಕೈರೋದ ಹಳೆಯ ಸಿನಗಾಗ್ ಒಂದರ ಕಾಗದದ ಉಗ್ರಾಣದಲ್ಲಿ ಇನ್ನಷ್ಟು ಹಾಳೆಗಳು ಸಿಕ್ಕವು. ಈ ಹಾಳೆ ಬೆನ್ ಸಿರಾನದು ಎಂದು ಗುರುತಿಸಲು ಸಾಧ್ಯವಾದದ್ದು ಹೇಗೆ? ಅನುವಾದ ಉಳಿದಿದ್ದರಿಂದ. ಮೂಲವು ಅನುವಾದವನ್ನು ಹುಟ್ಟಿಸುತ್ತದೆ ಎಂದಷ್ಟೇ ನಾವು ತಿಳಿದಿದ್ದೇವೆ. ಇಲ್ಲಿ ಅನುವಾದವೇ ಮೂಲದ ದಾರಿ ತೋರಿಸಿತು.

ಇನ್ನು ಯೇಸುವಿನ ಮಾತು. ಅವನು ಗಲಿಲಾಯದವನು, ಆಡಿದ ನುಡಿ ಅರಮಾಯಿಕ್. ಅವನ ಉಪದೇಶ ನಮಗೆ ಉಳಿದಿರುವುದು ಗ್ರೀಕಿನಲ್ಲಿ. ಮಾರ್ಕನ ಸುವಾರ್ತೆಯಲ್ಲಿ ಅಲ್ಲೊಂದು ಇಲ್ಲೊಂದು ಅರಮಾಯಿಕ್ ಮಾತು ಹಾಗೆಯೇ ಉಳಿದುಕೊಂಡಿದೆ. ಸತ್ತಳೆಂದುಕೊಂಡ ಹುಡುಗಿಯನ್ನು ಎಬ್ಬಿಸುವಾಗ 'ತಲಿಥಾ ಕೂಮ್', ಕಿವುಡನ ಕಿವಿ ಮುಟ್ಟಿದಾಗ 'ಎಫ್ಫಥಾ', ಸಂಕಟದ ರಾತ್ರಿಯ ಪ್ರಾರ್ಥನೆಯಲ್ಲಿ 'ಅಬ್ಬಾ'. ಪ್ರತಿಯೊಂದರ ಪಕ್ಕದಲ್ಲೂ ಮಾರ್ಕ ಗ್ರೀಕಿನಲ್ಲಿ ಅರ್ಥ ಕೊಡುತ್ತಾನೆ. 'ಅಬ್ಬಾ' ಎಂದರೆ ತಂದೆ. ನಮ್ಮ 'ಅಪ್ಪಾ'ಗೆ ಕಿವಿಯಲ್ಲಿ ಎಷ್ಟು ಹತ್ತಿರ! ಲೋಕದ ಅತಿ ದೊಡ್ಡ ಧರ್ಮವೊಂದು ತನ್ನ ಗುರುವಿನ ಮಾತನ್ನು ಆರಂಭದ ಲಿಖಿತ ಗ್ರಂಥಗಳಲ್ಲೇ ಅನುವಾದವಾಗಿ ಪಡೆಯಿತು. ಅಷ್ಟಾದರೂ ಮಾಡಿದವರಿಗೆ ಒಂದಿಷ್ಟು ಮೂಲದ ಸದ್ದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ಕರ್ತೃತ್ವ. ನಮ್ಮ ಬಳಗದ ಜಗಳ ಬಿಸಿಯೇರಿದ್ದು ಇಲ್ಲಿಯೇ. ಯಾರು ಬರೆದರು ಎಂದು ಕೇಳುವಾಗ ನಮ್ಮ ತಲೆಯಲ್ಲಿರುವುದು ಮುಖಪುಟದಲ್ಲಿ ಹೆಸರು ಅಚ್ಚಾದ ಇಂದಿನ ಪುಸ್ತಕ. ಬೈಬಲ್ಲಿನ ಲೋಕದಲ್ಲಿ ಬರವಣಿಗೆ ಹೇಗೆ ನಡೆಯುತ್ತಿತ್ತೆಂಬುದನ್ನು ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯ ಕಣ್ಣಿಗೆ ಕಟ್ಟಿದಂತೆ ತೋರಿಸುತ್ತದೆ. ಪ್ರವಾದಿ ಯೆರೆಮೀಯ ಹೇಳುತ್ತಾನೆ, ಲಿಪಿಕಾರ ಬಾರೂಕ ಶಾಯಿಯಲ್ಲಿ ಬರೆಯುತ್ತಾನೆ. ಆ ಸುರುಳಿಯನ್ನು ಅರಸ ಯೆಹೋಯಾಕೀಮನ ಮುಂದೆ ಓದುತ್ತಾರೆ. ಅದು ಚಳಿಗಾಲ, ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಓದಿದಷ್ಟನ್ನೂ ಚೂರಿಯಿಂದ ಕತ್ತರಿಸಿ ಕತ್ತರಿಸಿ ಅರಸ ಬೆಂಕಿಗೆ ಹಾಕಿಸುತ್ತಾನೆ. ಯೆರೆಮೀಯ ಮತ್ತೆ ಹೇಳುತ್ತಾನೆ, ಬಾರೂಕ ಮತ್ತೆ ಬರೆಯುತ್ತಾನೆ. ಅದೇ ತರಹದ ಇನ್ನೂ ಎಷ್ಟೋ ಮಾತುಗಳು ಅದಕ್ಕೆ ಸೇರಿದವು ಎಂದು ಗ್ರಂಥವೇ ಒಪ್ಪಿಕೊಳ್ಳುತ್ತದೆ. ಯೆರೆಮೀಯನ ಗ್ರೀಕ್ ಪಾಠವು ಹೀಬ್ರೂ ಪಾಠಕ್ಕಿಂತ ಸುಮಾರು ಎಂಟನೆಯ ಒಂದು ಭಾಗ ಚಿಕ್ಕದು. ಅನುವಾದಕರು ಕೈಬಿಟ್ಟಿರಬೇಕೆಂದು ಹಲವರು ಭಾವಿಸಿದ್ದರು. ಮೃತಸಮುದ್ರದ ದಂಡೆಯ ಗುಹೆಗಳಲ್ಲಿ 1947ರ ಸುಮಾರಿನಿಂದ ದೊರೆಯತೊಡಗಿದ ಸುರುಳಿಗಳಲ್ಲಿ ಆ ಚಿಕ್ಕ ಪಾಠವನ್ನು ಹೋಲುವ ಹೀಬ್ರೂ ತುಣುಕೂ ಸಿಕ್ಕಿತು. ಎಂದರೆ ಒಂದೇ ಗ್ರಂಥ ಎರಡು ಆಕಾರಗಳಲ್ಲಿ ಬದುಕಿತ್ತು. ಇಲ್ಲಿ 'ಮೂಲ' ಯಾವುದು? ಸುಟ್ಟುಹೋದದ್ದೇ, ಮತ್ತೆ ಬರೆದದ್ದೇ, ಚಿಕ್ಕದೇ, ದೊಡ್ಡದೇ?

ದಾವೀದನ ಹೆಸರಿನ ಕೀರ್ತನೆಗಳನ್ನು ನೋಡಿ. ಹೀಬ್ರೂ ಪಾಠದಲ್ಲಿ 73 ಕೀರ್ತನೆಗಳ ತಲೆಬರಹದಲ್ಲಿ ಅವನ ಹೆಸರಿದೆ. ಆದರೆ ಹೆಸರಿಗೆ ಅಂಟಿದ ಹೀಬ್ರೂ ಉಪಸರ್ಗಕ್ಕೆ ದಾವೀದ ರಚಿಸಿದ, ದಾವೀದನಿಗೆ ಸೇರಿದ, ದಾವೀದನಿಗಾಗಿ ಎಂಬ ಅರ್ಥಗಳೆಲ್ಲ ಸಲ್ಲುತ್ತವೆ. ನಮ್ಮ ಷಷ್ಠೀ ವಿಭಕ್ತಿಯೂ ಹೀಗೆಯೇ ಅಲ್ಲವೇ? 'ದಾವೀದನ ಕೀರ್ತನೆ' ಎಂದಾಗ ಅವನು ಹಾಡಿದ್ದೋ ಅವನನ್ನು ಕುರಿತದ್ದೋ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ. ಬಾಬಿಲೋನಿನ ನದಿಯ ದಡದಲ್ಲಿ ಕುಳಿತು, ಪರರ ನೆಲದಲ್ಲಿ ನಮ್ಮ ಹಾಡನ್ನು ಹೇಗೆ ಹಾಡೋಣವೆಂದು ಕೊರಗುವ 137ನೆಯ ಕೀರ್ತನೆಗೆ ಹೀಬ್ರೂವಿನಲ್ಲಿ ಯಾರ ಹೆಸರೂ ಇಲ್ಲ. ಗ್ರೀಕ್ ಅನುವಾದದಲ್ಲಿ ಅದಕ್ಕೂ ದಾವೀದನ ಹೆಸರು ಸೇರಿಕೊಂಡಿತು. ದಾವೀದ ಆಳಿದ್ದು ಬಾಬಿಲೋನಿನ ಸೆರೆಗಿಂತ ಸುಮಾರು ನಾಲ್ಕು ನೂರು ವರ್ಷ ಮೊದಲು! ಹೆಸರು ಸೇರಿಸಿದವರನ್ನು ಸುಳ್ಳುಗಾರರೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಅನಾಥವಾಗಿದ್ದ ಹಾಡಿಗೆ ಮನೆತನದ ಹೆಸರು ಕೊಟ್ಟರು ಎಂದು ತಿಳಿಯುತ್ತೇನೆ.

ಹೊಸ ಒಡಂಬಡಿಕೆಯಲ್ಲೂ ಇದೇ ಕಥೆ. ನಾಲ್ಕು ಸುವಾರ್ತೆಗಳಲ್ಲಿ ಯಾವುದರಲ್ಲೂ ಬರೆದವನು ತನ್ನ ಹೆಸರು ಹೇಳಿಕೊಂಡಿಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಹೆಸರುಗಳು ಒಟ್ಟಾಗಿ ಖಚಿತವಾಗಿ ಕಾಣಿಸುವುದು ಕ್ರಿ.ಶ. 180ರ ಸುಮಾರಿಗೆ ಐರಿನೇಯಸ್ ಬರೆದದ್ದರಲ್ಲಿ. ಪೌಲನ ಹೆಸರಿನ 13 ಪತ್ರಗಳಲ್ಲಿ ಏಳು ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ತಕರಾರಿಲ್ಲ. ಉಳಿದವುಗಳ ಬಗ್ಗೆ ಚರ್ಚೆಯಿದೆ. ಆದರೆ ರೋಮಾಪುರದವರಿಗೆ ಬರೆದ ಪತ್ರದ ಕೊನೆಗೆ ತೆರ್ತ್ಯನೆಂಬ ಲಿಪಿಕಾರ, ಇದನ್ನು ಬರೆದವನು ನಾನು ಎಂದು ನಡುವೆ ತಲೆ ಹಾಕಿ ವಂದನೆ ಹೇಳುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ ಲೇಖನಿಯನ್ನು ತಾನೇ ತೆಗೆದುಕೊಂಡು, ತನ್ನ ಅಕ್ಷರಗಳೆಷ್ಟು ದಪ್ಪವೆಂದು ತೋರಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರದ ಕರ್ತೃ ಯಾರೆಂದು ದೇವರಿಗೇ ಗೊತ್ತು ಎಂದವನು ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಆರಿಜೆನ್, ಯಾವ ನಾಸ್ತಿಕನೂ ಅಲ್ಲ.

"ಕೆದಕುವುದು ಸಭ್ಯತೆಯಲ್ಲ" ಎಂದ ಗೆಳೆಯರಿಗೆ ನನ್ನ ಉತ್ತರ ಇಲ್ಲಿದೆ. ಈ ಪ್ರಶ್ನೆಗಳನ್ನು ಹೊರಗಿನವರು ತಂದು ಹೇರಿದ್ದಲ್ಲ. ಧರ್ಮೋಪದೇಶಕಾಂಡದ ಕೊನೆಯಲ್ಲಿ ಮೋಶೆ ಸತ್ತ ವೃತ್ತಾಂತವಿದೆ. ಅದನ್ನು ಮೋಶೆ ಹೇಗೆ ಬರೆದಾನು? ಹೀಗೆ ಕೇಳಿದ್ದು ಯೆಹೂದ್ಯರ ತಾಲ್ಮುದ್. ಕೊನೆಯ ಎಂಟು ವಚನಗಳನ್ನು ಯೆಹೋಶುವ ಬರೆದನೆಂದು ಒಬ್ಬರು, ಮೋಶೆಯೇ ಕಣ್ಣೀರಿಡುತ್ತ ಬರೆದನೆಂದು ಇನ್ನೊಬ್ಬರು. ಎರಡು ಅಭಿಪ್ರಾಯಗಳೂ ಅಲ್ಲಿ ದಾಖಲಾಗಿವೆ. 12ನೆಯ ಶತಮಾನದ ಇಬ್ನ್ ಎಜ್ರಾ ಇಂಥ ಇನ್ನೂ ಕೆಲವು ತೊಡಕುಗಳನ್ನು ಒಗಟಿನ ಮಾತಿನಲ್ಲಿ ಸೂಚಿಸಿದ. 1670ರಲ್ಲಿ ಸ್ಪಿನೋಜಾ ಆ ಒಗಟನ್ನು ಬಿಡಿಸಿ ಬರೆದ. 1753ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಆಸ್ಟ್ರುಕ್, ಆದಿಕಾಂಡದಲ್ಲಿ ದೇವರಿಗೆ ಎರಡು ಹೆಸರುಗಳು ಬಳಕೆಯಾಗಿರುವುದನ್ನು ಹಿಡಿದು ಅದರ ಹಿಂದಿನ ಆಕರಗಳನ್ನು ಬೇರ್ಪಡಿಸಿದ. ಅವನ ಉದ್ದೇಶ ಮೋಶೆಯ ಕರ್ತೃತ್ವವನ್ನು ಕಾಪಾಡುವುದೇ ಆಗಿತ್ತು! ಸೋಜಿಗವೆಂದರೆ, ಬರೆದವರು ಯಾರೆಂದು ವಿಚಾರಿಸಿದ ಸ್ಪಿನೋಜಾ, ಆಸ್ಟ್ರುಕ್ ಇಬ್ಬರ ಪುಸ್ತಕಗಳೂ ಬರೆದವರ ಹೆಸರಿಲ್ಲದೆ ಪ್ರಕಟವಾದವು. ಹೆಸರು ಹಾಕುವಷ್ಟು ಧೈರ್ಯಕ್ಕೆ ಆ ಕಾಲ ಎಡೆಗೊಡಲಿಲ್ಲ. 19ನೆಯ ಶತಮಾನದಲ್ಲಿ ಈ ವಿಚಾರಕ್ಕೆ ಪ್ರಸಿದ್ಧ ರೂಪ ಕೊಟ್ಟ ಜರ್ಮನಿಯ ವೆಲ್‌ಹೌಸನ್, ತನ್ನ ಪಾಠದಿಂದ ವಿದ್ಯಾರ್ಥಿಗಳು ಪಾದ್ರಿಯ ಕೆಲಸಕ್ಕೆ ಅನರ್ಹರಾಗುತ್ತಿದ್ದಾರೆ ಎಂಬ ಅಳುಕಿನಿಂದ 1882ರಲ್ಲಿ ದೇವತಾಶಾಸ್ತ್ರದ ಪೀಠವನ್ನೇ ಬಿಟ್ಟ. ಅವನ ಸಿದ್ಧಾಂತದ ವಿವರಗಳನ್ನು ಇಂದು ಹಲವರು ಒಪ್ಪುವುದಿಲ್ಲ. ಆದರೆ ಆ ರಾಜೀನಾಮೆಯ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾಗದು.

ಹಿಗ್ಗಿದ ಗೆಳೆಯರಿಗೂ ಇದೇ ಉತ್ತರ. ಈ ವಿಚಾರಣೆಯ ಬೆಲೆಯನ್ನು ತೆತ್ತವರು ಆ ಗ್ರಂಥವನ್ನು ಹೃದಯಕ್ಕೆ ಹಚ್ಚಿಕೊಂಡವರು. ಅವರ ನೋವಿನ ಫಲವನ್ನು ಎತ್ತಿಕೊಂಡು ಪಕ್ಕದ ಮನೆಯವರಿಗೆ ಕಲ್ಲು ಬೀಸುವುದು ಸಲ್ಲದು. ಬೇರೆಯವರ ಗ್ರಂಥಕ್ಕೆ ಕೇಳುವ ಪ್ರಶ್ನೆಯನ್ನು ನಮ್ಮ ಗ್ರಂಥಕ್ಕೂ ಅದೇ ದನಿಯಲ್ಲಿ ಕೇಳಬಲ್ಲವನಿಗೆ ಮಾತ್ರ ಕೇಳುವ ಹಕ್ಕಿದೆ. 'ಕವಿರಾಜಮಾರ್ಗ' ನೃಪತುಂಗನದೋ ಶ್ರೀವಿಜಯನದೋ ಎಂದು ನಮ್ಮ ವಿದ್ವಾಂಸರು ದಶಕಗಳ ಕಾಲ ವಾದಿಸಿದ್ದಾರೆ. ಅದರಿಂದ ಆ ಕೃತಿಯ ಮೇಲಿನ ನಮ್ಮ ಅಭಿಮಾನ ಕಡಿಮೆಯಾಯಿತೇ?

"ಕನ್ನಡ ಅನುವಾದ ಯಾಕೆ" ಎಂದ ಹಿರಿಯರಿಗೆ ಕೊನೆಯ ಮಾತು. 19ನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ನಿಘಂಟುಕಾರ ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಮೋಶೆಯ ಐದು ಗ್ರಂಥಗಳಲ್ಲಿ ನಾಲ್ಕನೆಯದಕ್ಕೆ, ಒಳಗಿರುವ ಜನಗಣತಿಯನ್ನು ಹಿಡಿದು, ಗ್ರೀಕರು 'ಸಂಖ್ಯೆಗಳು' ಎಂಬ ಹೆಸರಿಟ್ಟರು. ಇಂಗ್ಲಿಷಿನವರು ಅದನ್ನೇ ಮುಂದುವರಿಸಿದರು. ಹೀಬ್ರೂವಿನಲ್ಲಿ ಅದರ ಹೆಸರಿನ ಅರ್ಥ 'ಅಡವಿಯಲ್ಲಿ'. ಕನ್ನಡದಲ್ಲಿ ಅದು 'ಅರಣ್ಯಕಾಂಡ'. ರಾಮಾಯಣದ ನೆನಪು ತರುವ ಈ ಹೆಸರು ಇಂಗ್ಲಿಷಿಗಿಂತ ಹೀಬ್ರೂವಿಗೆ ಹತ್ತಿರ! ಎಲ್ಲ ಕಡೆಯೂ ಹೀಗಿಲ್ಲ. ನಮ್ಮ ಹಳೆಯ ಅನುವಾದದ 'ಯೆಹೋವ' ಎಂಬ ರೂಪ ಒಂದು ತಪ್ಪೋದಿನಿಂದ ಹುಟ್ಟಿದ್ದು. ಯೆಹೂದ್ಯರು ದೇವರ ಹೆಸರನ್ನು ಉಚ್ಚರಿಸದೆ 'ಒಡೆಯ' ಎಂಬರ್ಥದ 'ಅದೋನಾಯ್' ಎಂದು ಓದುತ್ತಿದ್ದರು. ಅದನ್ನು ನೆನಪಿಸಲು ಒಂದು ಪದದ ವ್ಯಂಜನಗಳಿಗೆ ಇನ್ನೊಂದರ ಸ್ವರಚಿಹ್ನೆಗಳನ್ನು ಹಾಕಿದರು. ಎರಡನ್ನೂ ಕೂಡಿಸಿ ಓದಿದ ಪಶ್ಚಿಮದವರಿಂದ ಆ ರೂಪ ಬಳ್ಳಾರಿಯವರೆಗೂ ಬಂತು. ಲಾಭವೂ ನಷ್ಟವೂ ಒಂದೇ ಪುಟದಲ್ಲಿವೆ. ಮಿಷನರಿಗಳ ಪಕ್ಕದಲ್ಲಿ ಕುಳಿತು ಪದ ಹುಡುಕಿಕೊಟ್ಟ ಕನ್ನಡದ ಮುನ್ಷಿಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಬಾರೂಕರೂ ತೆರ್ತ್ಯರೂ ಅವರೇ.

ಆದ್ದರಿಂದ ನನ್ನ ಸೂಚನೆ ಇಷ್ಟು. ಮಾಲಿಕೆ ನಡೆಯಲಿ, ಕನ್ನಡದಲ್ಲಿಯೇ ಓದೋಣ, ಓದುತ್ತಿರುವುದು ಅನುವಾದವೆಂಬುದನ್ನು ಒಂದು ಗಳಿಗೆಯೂ ಮರೆಯದಿರೋಣ. ಬರೆದವರ ಬಗ್ಗೆ ಕೇಳೋಣ, ಮೆಲುದನಿಯಲ್ಲಿ. ಅನುವಾದವನ್ನೇ ಮೂಲವೆಂದು ನಂಬಿಸುವುದು ಮೋಸ. ಮೂಲ ಬಾರದವರಿಗೆ ಗ್ರಂಥವೇ ಬೇಡವೆನ್ನುವುದು ಕ್ರೌರ್ಯ. ಬೆನ್ ಸಿರಾನ ಮೊಮ್ಮಗ ಎರಡನ್ನೂ ಮಾಡಲಿಲ್ಲ.

ಆ ಊಟದ ಪ್ರಸಂಗವಾದ ಕೆಲವು ತಿಂಗಳ ಮೇಲೆ ಸೊಸೆಯೇ ಒಂದು ದಾರಿ ತೋರಿಸಿದಳು. ರಾತ್ರಿ ನಾನು ಮಗುವಿಗೆ ಕನ್ನಡದಲ್ಲಿ ಕಥೆ ಹೇಳುತ್ತೇನೆ. ತಿಳಿಯದ ಕಡೆ ಮಗ ಅವಳಿಗೆ ಅರ್ಥ ಹೇಳುತ್ತಾನೆ. ಅವಳು ಅದನ್ನು ಮರಾಠಿಯಲ್ಲಿ ಮಗುವಿಗೆ ದಾಟಿಸುತ್ತಾಳೆ. ಮೊನ್ನೆ ಪುಣ್ಯಕೋಟಿಯ ಕಥೆ ನಡೆದಿತ್ತು. ಮಗು ತಾಯಿಯ ಮರಾಠಿಯನ್ನೆಲ್ಲ ಕೇಳಿ, ಕೊನೆಗೆ ನನ್ನ ಕಡೆ ತಿರುಗಿ, ಒಂದು ಪದವನ್ನು ಮಾತ್ರ ಕನ್ನಡದಲ್ಲೇ ಹೇಳಿತು: "ಕರು." ಅದಕ್ಕೆ ಅರ್ಥ ಕೊಡುವ ಕೆಲಸ ನಮ್ಮ ಮೂವರಲ್ಲಿ ಯಾರಿಗೂ ಬೀಳಲಿಲ್ಲ.